ಬೇಲಿಯಿಂದ ಹೊಲಕ್ಕೆ ಬಂದ ಗಿಡ

ಕಳೆದ ತಿಂಗಳು ಅಪ್ಪ ಊರಿನಿಂದ ಬಂದಿದ್ದ. ಜಯದೇವ ಆಸ್ಪತ್ರೆಯಲ್ಲಿ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ನಾನು ಬಾಡಿಗೆಗಿರುವ ತಿಲಕ್ ನಗರದ ಕೋಣೆಯಿಂದ ಅಲ್ಲಿಗೆ ದೂರವಿಲ್ಲ. ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಹೊರಗೆ ತಾರಸಿ. ತಾರಸಿಯ ತುಂಬ ಮನೆ ಮಾಲೀಕರಾದ ಆಂಟಿ ಪೇಂಟ್ ಡಬ್ಬಗಳಲ್ಲಿ ಗಿಡ ಬೆಳೆಸಿದ್ದಾರೆ. ಪುದೀನ, ಕರಿಬೇವು, ದಾಸವಾಳ, ಜೊತೆಗೆ ವರ್ಷದ ಬಹುಪಾಲು ಕೆಂಪು ಹೂಗೊಂಚಲು ಹೊತ್ತುಕೊಂಡೇ ಇರುವ ಸೊಂಟದೆತ್ತರದ ಒಂದು ಗಿಡ. ಬೆಳಗಿನ ಬಿಸಿಲಿಗೆ ಕೂತಿದ್ದ ಅಪ್ಪ ಎದ್ದು ಆ ಗಿಡದ ಹತ್ತಿರ ಹೋದ. ಒಂದು ಎಲೆಯ ತೊಟ್ಟು ಚಿವುಟಿ, ಒಸರಿದ ರಸವನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದ. ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಆಂಟಿಗೆ ಖುಷಿಯಾಯಿತು. "ಚೆನ್ನಾಗಿದೆ ಅಲ್ವಾ ಅಂಕಲ್? ಸಿದ್ದಾಪುರದ ನರ್ಸರಿಯಿಂದ ತಂದಿದ್ದು. ಜಟ್ರೋಫಾ ಅಂತೆ ಇದರ ಹೆಸರು" ಅಂದರು.

"ಗೊತ್ತು ಕಣಮ್ಮ" ಅಂದ ಅಪ್ಪ, ಬೆರಳನ್ನು ಪಂಚೆಗೆ ಒರೆಸಿಕೊಂಡು ಒಳಗೆ ಬಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ನಿಮ್ಮ ದೊಡ್ಡಪ್ಪ ಇಲ್ಲೇ ಎಲ್ಲೋ ಇದಾನಂತಲ್ಲ, ಬನ್ನೇರುಘಟ್ಟ ರಸ್ತೆ ಕಡೆ. ನಂಬರ್ ಸಿಗುತ್ತಾ?"

ಆ ಗಿಡಕ್ಕೂ ಈ ಪ್ರಶ್ನೆಗೂ ಇರುವ ನಂಟು ನಮ್ಮ ಮನೆಯವರಿಗಷ್ಟೇ ಗೊತ್ತು. ಸುಮಾರು ಹದಿನೈದು ವರ್ಷಗಳಿಂದ ಅಪ್ಪ ದೊಡ್ಡಪ್ಪನ ಹೆಸರೆತ್ತಿರಲಿಲ್ಲ. ದೊಡ್ಡಪ್ಪ ಅಂದರೆ ರಕ್ತಸಂಬಂಧಿಯಲ್ಲ. ನಮ್ಮ ಪಕ್ಕದ ಹೊಲದವನು. ನಾನು ಇಲ್ಲಿ ಬರೆಯಹೊರಟಿರುವುದು ಅವರಿಬ್ಬರ ನಡುವೆ ನಿಂತ ಒಂದು ಗಿಡದ ಬಗ್ಗೆ, ಮತ್ತು ಆ ಗಿಡ ನನ್ನ ಮುಂದಿಟ್ಟ ಒಂದು ಪ್ರಶ್ನೆಯ ಬಗ್ಗೆ. ಪೂರ್ತಿ ನಂಬಿ ಇನ್ನೊಬ್ಬರಿಗೆ ಹೇಳಿದ ಮಾತು ಸುಳ್ಳಾದರೆ, ಹೇಳಿದವರ ಮೇಲೆ ಯಾವ ಋಣ ಉಳಿಯುತ್ತದೆ?

*

ಜಟ್ರೋಫಾ ಎಂಬುದು ಒಂದು ಗಿಡದ ಹೆಸರಲ್ಲ, ಒಂದು ಕುಲದ ಹೆಸರು. ಹರಳು, ಕಳ್ಳಿ, ಮರಗೆಣಸು, ರಬ್ಬರ್ ಎಲ್ಲವೂ ಸೇರುವ ಯುಫೋರ್ಬಿಯೇಸಿ ಕುಟುಂಬದಲ್ಲಿ ಸುಮಾರು 170 ಪ್ರಭೇದಗಳಿರುವ, ಉಷ್ಣವಲಯದ ಗಿಡಮರಗಳ ಕುಲ ಅದು. ಆಂಟಿಯ ಡಬ್ಬದಲ್ಲಿರುವುದು ಅದರಲ್ಲಿ ಅಲಂಕಾರಕ್ಕೆ ಬೆಳೆಸುವ ಒಂದು ಪ್ರಭೇದ. ಅಪ್ಪ ಅದರ ತೊಟ್ಟು ಚಿವುಟಿ ಹುಡುಕಿದ್ದು ಅದರ ಸೋದರನನ್ನು. ನಮ್ಮ ಕಡೆ ಕಾಡುಹರಳು, ಮರಹರಳು ಎಂದು ಕರೆಯುವ ಜಟ್ರೋಫಾ ಕರ್ಕಸ್ ಅನ್ನು. ಕುಲದ ಹೆಸರು ಗ್ರೀಕಿನ ಎರಡು ಪದಗಳಿಂದ ಬಂದದ್ದು: ವೈದ್ಯ ಮತ್ತು ಆಹಾರ. ಲಿನೇಯಸ್ 1753ರಲ್ಲಿ ದಾಖಲಿಸಿದ ಈ ಹೆಸರನ್ನು ನಮ್ಮೂರ ಹುಡುಗರು ಕೇಳಿದ್ದರೆ ನಗುತ್ತಿದ್ದರು. ಅದರ ಬೀಜ ನೋಡಲು ಕಡಲೆಬೀಜದಂತೆ ರುಚಿಯಾಗಿರಬಹುದು ಅನ್ನಿಸುತ್ತದೆ. ನಾಲ್ಕು ತಿಂದರೆ ವಾಂತಿ, ಭೇದಿ. ಆಡು, ಕುರಿ, ದನ ಯಾವುವೂ ಎಲೆಗೆ ಬಾಯಿ ಹಾಕುವುದಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನೂ ದನಕ್ಕೆ ಹಾಕುವಂತಿಲ್ಲ, ವಿಷ ಅದರಲ್ಲೂ ಉಳಿದಿರುತ್ತದೆ.

ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಈ ಗಿಡ ಪೋರ್ಚುಗೀಸರ ಹಡಗುಗಳ ಜೊತೆ ಲೋಕವೆಲ್ಲ ಸುತ್ತಿತು. ಹತ್ತೊಂಬತ್ತನೇ ಶತಮಾನದಲ್ಲಿ ಕೇಪ್ ವರ್ಡೆ ದ್ವೀಪಗಳಿಂದ ಇದರ ಬೀಜ ಲಿಸ್ಬನ್ನಿಗೆ ಹೋಗುತ್ತಿತ್ತು, ಸೋಪಿಗೂ ಬೀದಿದೀಪಕ್ಕೂ. ನಮ್ಮ ಬಯಲುಸೀಮೆಗೆ ಬಂದ ಮೇಲೆ ಜನ ಅದಕ್ಕೆ ಕೊಟ್ಟ ಕೆಲಸ ಬೇರೆ. ಒಂದು ಕೊಂಬೆ ಕಡಿದು ನೆಟ್ಟರೆ ಸಾಕು, ಚಿಗುರುತ್ತದೆ. ಮೇಕೆ ತಿನ್ನುವುದಿಲ್ಲ. ಹಾಗಾಗಿ ಅದು ಬೇಲಿಯಾಯಿತು. ಶಿರಾ ತಾಲ್ಲೂಕಿನ ನಮ್ಮ ಹೊಲದ ಸುತ್ತ ಇದ್ದದ್ದು ಇದೇ. ಮುರಿದ ತೊಟ್ಟಿನ ರಸವನ್ನು ಹುಲ್ಲುಕಡ್ಡಿಯ ಕುಣಿಕೆಗೆ ಹಚ್ಚಿ ಊದಿದರೆ ಬಣ್ಣಬಣ್ಣದ ಗುಳ್ಳೆ ಏಳುತ್ತಿತ್ತು. ಬಟ್ಟೆಗೆ ಆ ಕಲೆ ಅಂಟಿತೆಂದು ಅಮ್ಮನಿಂದ ಏಟು ತಿಂದಿದ್ದೇನೆ. ಯಾರೂ ಅದಕ್ಕೆ ನೀರು ಹಾಕಿದವರಿಲ್ಲ, ಗೊಬ್ಬರ ಕೊಟ್ಟವರಿಲ್ಲ, ಅದರಿಂದ ಏನನ್ನೂ ಕೇಳಿದವರಿಲ್ಲ. ತನ್ನನ್ನು ತಿನ್ನಗೊಡದೆ ನಿಲ್ಲುವುದೇ ಅದರ ಕೆಲಸ. ಒಳಗಿನ ಶೇಂಗಾ, ರಾಗಿ, ಹುರುಳಿ ಉಳಿಯುತ್ತಿದ್ದದ್ದು ಆ ಗುಣದಿಂದ.

2006ರ ಮುಂಗಾರಿನಲ್ಲಿ ಅದು ಬೇಲಿ ದಾಟಿ ಹೊಲಕ್ಕೆ ಬಂತು. ತಂದವನು ನಮ್ಮಪ್ಪ.

*

ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದವನು; ಊರಿನಲ್ಲಿ ದಿನಾ ಪೇಪರ್ ಓದುತ್ತಿದ್ದ ಮೂರ್ನಾಲ್ಕು ಜನರಲ್ಲಿ ಒಬ್ಬ. ಆಗ ಪೇಪರಿನಲ್ಲಿ ಬರುತ್ತಿದ್ದುದಾದರೂ ಏನು? ಯೋಜನಾ ಆಯೋಗದ ಸಮಿತಿಯೊಂದು 2003ರ ಏಪ್ರಿಲ್‌ನಲ್ಲಿ ಜೈವಿಕ ಇಂಧನದ ವರದಿ ಕೊಟ್ಟಿತ್ತು. ಹೆಕ್ಟೇರಿಗೆ 2500 ಗಿಡ, ಗಿಡಕ್ಕೆ ಒಂದೂವರೆ ಕಿಲೋ ಬೀಜ, ಅಂದರೆ ಹೆಕ್ಟೇರಿಗೆ 3.75 ಟನ್, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಎಣ್ಣೆ. ಈ ಲೆಕ್ಕದ ಮೇಲೆ ದೇಶದ ಒಂದು ಕೋಟಿಗೂ ಹೆಚ್ಚು ಹೆಕ್ಟೇರ್ 'ಪಾಳುಭೂಮಿ'ಯಲ್ಲಿ ಜಟ್ರೋಫಾ ಬೆಳೆದು ಡೀಸೆಲ್‌ಗೆ ಬೆರೆಸುವ ಕನಸು ಕಟ್ಟಲಾಗಿತ್ತು. ರಾಷ್ಟ್ರಪತಿ ಅಬ್ದುಲ್ ಕಲಾಂ ಹೋದಲ್ಲೆಲ್ಲ ಇದರ ಮಾತಾಡುತ್ತಿದ್ದರು. ದೊಡ್ಡ ದೊಡ್ಡ ತೈಲ ಕಂಪನಿಗಳೂ ಬಂಡವಾಳ ಹೂಡತೊಡಗಿದ್ದವು. ನೀರು ಬೇಡ, ಗೊಬ್ಬರ ಬೇಡ, ಬರಡಿನಲ್ಲೂ ಬೆಳೆಯುತ್ತದೆ, ಮೂವತ್ತು ವರ್ಷ ಬದುಕುತ್ತದೆ. ಒಂದೊಂದಾಗಿ ನೋಡಿದರೆ ಇದರಲ್ಲಿ ಯಾವುದೂ ಶುದ್ಧ ಸುಳ್ಳಲ್ಲ. ನಮ್ಮ ಬೇಲಿಯೇ ಸಾಕ್ಷಿ ಇತ್ತಲ್ಲ!

ಮೋಸ ಇದ್ದದ್ದು ಎರಡು ನಿಜಗಳನ್ನು ಜೋಡಿಸಿದ ಜಾಗದಲ್ಲಿ. ಬರಡಿನಲ್ಲಿ ಬದುಕುತ್ತದೆ ಎಂಬುದು ನಿಜ. ಚೆನ್ನಾಗಿ ಆರೈಕೆ ಮಾಡಿದರೆ ಬೀಜ ಬಿಡುತ್ತದೆ ಎಂಬುದೂ ನಿಜ. ಬರಡಿನಲ್ಲಿ ಆರೈಕೆಯಿಲ್ಲದೆ ಚೆನ್ನಾಗಿ ಬೀಜ ಬಿಡುತ್ತದೆ ಎಂಬುದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಬದುಕುವುದು ಬೇರೆ, ಫಲ ಕೊಡುವುದು ಬೇರೆ ಎಂದು ಮಳೆಯಾಶ್ರಿತ ರೈತನಿಗೆ ಗೊತ್ತಿರಬೇಕಿತ್ತು. ಆದರೆ ಎರಡು ವರ್ಷದಿಂದ ಶೇಂಗಾ ಕೈಕೊಟ್ಟಿತ್ತು. ಕೈಕೊಟ್ಟ ಹೊಲದ ಅಂಚಿನಲ್ಲಿ ಹಸಿರಾಗಿ ನಿಂತದ್ದು ಅದೊಂದೇ ಗಿಡ. ಆ ಹಸಿರನ್ನು ನೋಡುತ್ತಾ ಆ ಲೆಕ್ಕ ಓದಿದರೆ ಯಾರಾದರೂ ನಂಬುತ್ತಿದ್ದರು.

ಒಂದು ಸಂಸ್ಥೆಯವರು ಬಂದು ಸಭೆ ಮಾಡಿದರು. ಸಸಿ ಕೊಡುತ್ತೇವೆ, ಬೀಜ ನಾವೇ ಕೊಳ್ಳುತ್ತೇವೆ ಎಂದರು. ಅಪ್ಪ ಒಂದೂವರೆ ಎಕರೆಗೆ ಹಾಕಿದ. ಅಷ್ಟಕ್ಕೆ ನಿಲ್ಲಲಿಲ್ಲ. ದೊಡ್ಡಪ್ಪನ ಮನೆ ಜಗುಲಿಯಲ್ಲಿ ಕೂತು ಮೂರು ಸಂಜೆ ಅವನಿಗೆ ಲೆಕ್ಕ ಬಿಡಿಸಿ ಹೇಳಿದ. ಆಗ ನನಗೆ ಹತ್ತು ವರ್ಷ. ನನ್ನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಪ್ಪ ಬರೆದ ಗುಣಾಕಾರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡಪ್ಪ ಓದು ಬಾರದವನು. "ನೀನು ಓದಿದೋನು, ನೀನು ಹಾಕಿದ್ರೆ ನಾನೂ ಹಾಕ್ತೀನಿ" ಅಂದ. ಅವನಿಗಿದ್ದದ್ದೇ ಎರಡು ಎಕರೆ. ಎರಡಕ್ಕೂ ಹಾಕಿದ.

ಗಿಡ ಬದುಕಿತು, ಹೇಳಿದಂತೆಯೇ. ಮೂರನೇ ವರ್ಷ ಅಲ್ಲೊಂದು ಇಲ್ಲೊಂದು ಗೊಂಚಲು ಕಾಯಿ. ಅದೂ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು, ಹಳದಿ, ಕಪ್ಪು ಮೂರೂ ಇರುತ್ತವೆ. ಹಾಗಾಗಿ ಮತ್ತೆ ಮತ್ತೆ ಹೋಗಿ ಕೈಯಲ್ಲೇ ಆರಿಸಬೇಕು. ಒಬ್ಬ ಆಳು ದಿನವಿಡೀ ಆರಿಸಿದ ಬೀಜದ ಬೆಲೆ ಆ ಆಳಿನ ಕೂಲಿಗೂ ಸಾಲುತ್ತಿರಲಿಲ್ಲ. ಬೀಜ ಕೊಳ್ಳುವ ಲಾರಿ ಒಂದು ಸಲ ಬಂತು, ಆಮೇಲೆ ಬರಲಿಲ್ಲ. ಶೇಂಗಾ ಸೋತ ವರ್ಷವೂ ಬಳ್ಳಿಯಾದರೂ ದನಕ್ಕೆ ಮೇವಾಗುತ್ತಿತ್ತು. ಜಟ್ರೋಫಾ ಹೊಲದಲ್ಲಿ ಆ ಬಳ್ಳಿಯೂ ಇಲ್ಲ. ದೊಡ್ಡಪ್ಪ ಮೊದಲು ಎತ್ತು ಮಾರಿದ. 2010ರಲ್ಲಿ ಇಬ್ಬರೂ ಗಿಡ ಕಿತ್ತರು. ನಮಗೆ ಇನ್ನೊಂದು ತುಂಡು ಜಮೀನಿತ್ತು, ಅಪ್ಪನಿಗೆ ಹಾಲಿನ ಡೇರಿಯಲ್ಲಿ ಸಣ್ಣ ಕೆಲಸವಿತ್ತು. ದೊಡ್ಡಪ್ಪನಿಗೆ ಏನೂ ಇರಲಿಲ್ಲ. ಸಾಲ ತೀರಿಸಲು ಒಂದು ಎಕರೆ ಮಾರಿ ಬೆಂಗಳೂರಿಗೆ ಬಂದು ಅಪಾರ್ಟ್‌ಮೆಂಟ್ ಒಂದರ ವಾಚ್‌ಮನ್ ಆದ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾವು ಅಧಿಕಾರಿಗಳ ಬಗ್ಗೆ, ಕಾವಲುಗಾರರ ಬಗ್ಗೆ ಹೇಳುತ್ತೇವೆ. ನಮ್ಮೂರಿನಲ್ಲಿ ಅದು ಅಕ್ಷರಶಃ ನಡೆಯಿತು.

*

ತಪ್ಪು ಯಾರದು? ಸಂಶೋಧನೆಗೆ ಸೇರಿದ ಮೇಲೆ ಈ ಪ್ರಶ್ನೆಗೆ ನನ್ನ ಬಳಿ ಒಂದು ಸಿದ್ಧ ಉತ್ತರವಿತ್ತು. ತಪ್ಪು ಒಂದು ಪದದಿಂದ ಶುರುವಾಗುತ್ತದೆ ಎಂದು ನಾನು ಸೆಮಿನಾರುಗಳಲ್ಲಿ ಹೇಳುತ್ತಿದ್ದೆ. ಗೋಮಾಳ, ಹುಲ್ಲುಬನ್ನಿ, ಕಾವಲು, ಬೀಳು: ನಮ್ಮ ಭಾಷೆಯಲ್ಲಿ ಇವು ಒಂದೊಂದೂ ಬೇರೆ ಬೇರೆ ಜಮೀನು. ಒಂದರಲ್ಲಿ ದನ ಮೇಯುತ್ತದೆ, ಇನ್ನೊಂದು ಎರಡು ವರ್ಷ ದಣಿವಾರಿಸಿಕೊಳ್ಳುತ್ತಿದೆ. ಕಡತದಲ್ಲಿ ಎಲ್ಲವೂ 'ಪಾಳು' ಆದ ಕ್ಷಣ ಅಲ್ಲಿ ನಡೆಯುತ್ತಿದ್ದ ಕೆಲಸ ಕಾಣದಾಗುತ್ತದೆ. ಕರ್ನಾಟಕ ಸರ್ಕಾರದ ಒಂದು ಯೋಜನೆಯ ಹೆಸರೇ 'ಬರಡು ಬಂಗಾರ'. ಬರಡು ಎಂದು ಮೊದಲು ಒಪ್ಪಿದರೆ ತಾನೇ ಬಂಗಾರದ ಆಸೆ ತೋರಿಸಲು ಸಾಧ್ಯ? ಕರ್ನಾಟಕದಲ್ಲಿ ಹಾಸನದ ಮಡೇನೂರಿನ ಜೈವಿಕ ಇಂಧನ ಉದ್ಯಾನದಂಥ ಕಡೆ ಹೊಂಗೆ, ಹಿಪ್ಪೆ, ಬೇವುಗಳನ್ನು ಬದುವಿನಲ್ಲೇ ಉಳಿಸಿಕೊಂಡು ಎಣ್ಣೆ ತೆಗೆಯುವ ದಾರಿಯನ್ನೂ ಹುಡುಕಿದ್ದಾರೆ. ಹೊಲ ಹೊಲವಾಗಿ, ಬದು ಬದುವಾಗಿ ಇರುವ ದಾರಿ ಅದು. ಅದನ್ನೂ ಹೇಳುತ್ತಿದ್ದೆ.

ಈ ಉತ್ತರ ಇಂದಿಗೂ ಸರಿ ಎಂದೇ ನಂಬಿದ್ದೇನೆ. ಆದರೆ ಅದರಲ್ಲಿ ಅಪ್ಪನಿಗೆ ಜಾಗವಿಲ್ಲ. ಪದ, ನೀತಿ, ಕಂಪನಿ ಎಲ್ಲದರ ಮೇಲೂ ಹೊರೆ ಹೊರಿಸಿದ ಮೇಲೆಯೂ ಜಗುಲಿಯ ಮೇಲಿನ ಆ ಮೂರು ಸಂಜೆಗಳು ಹಾಗೇ ಉಳಿಯುತ್ತವೆ.

ವಿಲಿಯಂ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ನಂಬಿಕೆಯ ನೀತಿಯ ಬಗ್ಗೆ ಪ್ರಬಂಧವೊಂದನ್ನು ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಎಂಬ ಅನುಮಾನ ಅವನಿಗಿದೆ. ಇಷ್ಟು ಸಲ ಹೋಗಿ ಬಂದಿದೆಯಲ್ಲ, ದೇವರಿದ್ದಾನೆ ಎಂದು ಅನುಮಾನವನ್ನು ಮೆಲ್ಲಗೆ ಅದುಮಿ, ಕೊನೆಗೆ ನಿಜವಾಗಿಯೂ ನಂಬಿ, ವಲಸೆ ಹೊರಟ ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿತ್ತು ಎಂಬುದು ಅವನನ್ನು ಉಳಿಸುವುದಿಲ್ಲ, ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಸುಖವಾಗಿ ದಡ ಸೇರಿದ್ದರೂ ಅವನ ತಪ್ಪು ಅಷ್ಟೇ ಇರುತ್ತಿತ್ತು.

ಜಟ್ರೋಫಾದ ಕಥೆಗೆ ಇದಕ್ಕಿಂತ ಹೊಂದುವ ಉಪಮೆ ಸಿಗಲಾರದು. ನೆದರ್ಲೆಂಡ್ಸಿನ ವಾಗೆನಿಂಗೆನ್‌ನ ಸಂಶೋಧಕರು ಜಟ್ರೋಫಾದ ಬಗ್ಗೆ ಹೇಳುತ್ತಿರುವುದೇನು, ತಿಳಿದಿರುವುದೇನು ಎಂದು ಜಾಲಿಸಿ ನೋಡಿದ್ದು 2007ರಲ್ಲಿ. ಬೀಜ ಹಾಕಿ ಆದ ಮೇಲೆ ಪರೀಕ್ಷೆ. ಆದರೆ ಅಪ್ಪ ಹಡಗಿನ ಮಾಲೀಕನೇ? ಅಲ್ಲ. ಅವನು ತನ್ನ ಹೆಂಡತಿ ಮಕ್ಕಳೊಂದಿಗೆ ತಾನೂ ಹತ್ತಿದ್ದ ಪ್ರಯಾಣಿಕ. ದಡದಲ್ಲಿ ನಿಂತಿದ್ದ ಗೆಳೆಯನನ್ನು "ಬಾ, ಜಾಗ ಇದೆ" ಎಂದು ಕರೆದವನು. ಹಡಗಿನ ತಳ ನೋಡಲು ಅವನಿಗೆ ಅವಕಾಶವಿರಲಿಲ್ಲ. ಕ್ಲಿಫರ್ಡನ ಕಥೆಯಲ್ಲಿ ಇಂಥವನೊಬ್ಬ ಖಂಡಿತ ಇದ್ದಿರಬೇಕು. ಪ್ರಬಂಧ ಅವನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸಾಕಷ್ಟು ಆಧಾರ ಸಿಗುವ ತನಕ ನಂಬಬಾರದು ಎಂಬ ಕಟ್ಟಳೆ ರೈತನಿಗೆ ಹೊಂದುವುದೂ ಕಷ್ಟ. ಒಮ್ಮೆ ಅಪ್ಪನಿಗೆ ಈ ಹಡಗಿನ ಕಥೆ ಹೇಳಿದಾಗ ಅವನು ಕೇಳಿದ್ದು ಇಷ್ಟೇ: "ಮಳೆ ಗ್ಯಾರಂಟಿ ಆದ್ಮೇಲೆ ಬಿತ್ತೀನಿ ಅಂದ್ರೆ ಯಾರು ಬಿತ್ತುತ್ತಾರೆ ಹೇಳು?" ಕ್ಲಿಫರ್ಡನಿಗೆ 1896ರಲ್ಲಿ ವಿಲಿಯಂ ಜೇಮ್ಸ್ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಅದೇ. ಕೆಲವು ಆಯ್ಕೆಗಳು ಆಧಾರಕ್ಕಾಗಿ ಕಾಯುವುದಿಲ್ಲ. ಕಾಯುತ್ತ ಕೂರುವುದೂ ಒಂದು ಆಯ್ಕೆಯೇ. ಬಿತ್ತನೆಯೆಂಬುದೇ ಆಧಾರಕ್ಕಿಂತ ಒಂದು ಹೆಜ್ಜೆ ಮುಂದಿಟ್ಟ ನಂಬಿಕೆ. ಆದರೆ ನನ್ನ ಹೊಲದಲ್ಲಿ ನಾನು ಬಿತ್ತುವುದಕ್ಕೂ ಇನ್ನೊಬ್ಬನ ಹೊಲದಲ್ಲಿ ನನ್ನ ನಂಬಿಕೆಯನ್ನು ಬಿತ್ತುವುದಕ್ಕೂ ವ್ಯತ್ಯಾಸವಿದೆ. ಅವನಿಗೆ ಎರಡೇ ಎಕರೆ ಇತ್ತು. ಸೋತರೆ ಅವನು ಬೀಳುವ ಆಳ ನನ್ನದಕ್ಕಿಂತ ಹೆಚ್ಚು ಎಂದು ಅಪ್ಪನಿಗೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು. ಅರ್ಧಕ್ಕೆ ಮಾತ್ರ ಹಾಕು ಎಂಬ ಒಂದು ಮಾತನ್ನು ಅವನು ಹೇಳಬಹುದಿತ್ತು.

ಬರ್ನಾರ್ಡ್ ವಿಲಿಯಮ್ಸ್ ಎಂಬ ದಾರ್ಶನಿಕ ಇನ್ನೊಂದು ಉದಾಹರಣೆ ಕೊಡುತ್ತಾನೆ. ಒಬ್ಬ ಲಾರಿ ಡ್ರೈವರ್, ಅವನದೇನೂ ತಪ್ಪಿಲ್ಲ, ಮಗುವೊಂದು ಅಡ್ಡ ಬಂದು ಸತ್ತುಹೋಗುತ್ತದೆ. ನೋಡಿದವರಿಗೆಲ್ಲ ಸಂಕಟವಾಗುತ್ತದೆ. ಆದರೆ ಡ್ರೈವರನ ಸಂಕಟ ಬೇರೆ ಬಗೆಯದು, ಯಾಕೆಂದರೆ ಅದು ಅವನ ಕೈಯಿಂದ ಆದದ್ದು. ನಿನ್ನ ತಪ್ಪಲ್ಲ ಬಿಡು ಎಂದು ನಾವು ಸಮಾಧಾನ ಹೇಳುತ್ತೇವೆ, ಹೇಳಲೂಬೇಕು. ಆದರೆ ನಾವು ಹೇಳಿದ ಕೂಡಲೇ ಅವನು ಹೌದಲ್ಲ ಎಂದು ಹಗುರಾಗಿಬಿಟ್ಟರೆ ಅವನ ಬಗ್ಗೆ ನಮಗೆ ಏನೋ ಅನುಮಾನ ಬರುತ್ತದೆ. ತಪ್ಪಿಲ್ಲದೆಯೂ ಉಳಿಯುವ ಈ ನೋವೇ ಅಪ್ಪನದು ಎಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ. ಅವನ ಮೌನವನ್ನು ಗೌರವಿಸಿದ್ದೆ ಕೂಡ. ಮೌನದಲ್ಲೇ ಒಂದು ನೈತಿಕತೆ ಇದೆ ಎಂದುಕೊಂಡಿದ್ದೆ.

*

ಆಸ್ಪತ್ರೆಯ ಕೆಲಸ ಮುಗಿದ ಮರುದಿನ ದೊಡ್ಡಪ್ಪ ತಿಲಕ್ ನಗರಕ್ಕೇ ಬಂದ. ನೈಟ್ ಡ್ಯೂಟಿ ಮುಗಿಸಿ, ನೀಲಿ ಯೂನಿಫಾರ್ಮ್ ಮೇಲೆ ಸ್ವೆಟರ್ ಹಾಕಿಕೊಂಡು. ಮುಖ್ಯರಸ್ತೆಯ ಟೀ ಅಂಗಡಿಯೊಂದರಲ್ಲಿ ಮೂವರೂ ಕೂತೆವು. ಮಳೆ, ಮದುವೆ, ಸಾವು, ಯಾರ ಮಗ ಎಲ್ಲಿದ್ದಾನೆ ಎಲ್ಲ ಮುಗಿಯಿತು. ಎರಡನೇ ಟೀ ಬಂದ ಮೇಲೆ ಅಪ್ಪ ತಲೆ ತಗ್ಗಿಸಿಕೊಂಡು ಹೇಳಿದ: "ಅಣ್ಣ, ಆ ಗಿಡದ ವಿಷಯದಲ್ಲಿ ನಿನ್ನ ಹಾಳು ಮಾಡಿದೋನು ನಾನೇ."

ದೊಡ್ಡಪ್ಪ ಟೀ ಲೋಟ ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಿತ್ತು, ನಾನು ನಿರೀಕ್ಷಿಸದ ಕಾರಣಕ್ಕೆ. "ನೀನು ಹೇಳ್ದೆ ನಿಜ. ಹಾಕಿದ್ದು ನಾನಲ್ವೇನಪ್ಪಾ? ನನ್ನ ಹೊಲದ ಬುದ್ಧಿ ನನಗಿರಲಿಲ್ವಾ? ನಾನೇನು ನಿನ್ನ ಬೆರಳು ಹಿಡ್ಕೊಂಡು ಬಂದ ಮಗುನಾ?"

ಅಪ್ಪ ಮಾತಾಡಲಿಲ್ಲ. ದೊಡ್ಡಪ್ಪನೇ ಮುಂದುವರಿಸಿದ, ಈಗ ಮೆಲ್ಲಗೆ: "ಗಿಡದ್ದು ಬಿಡು. ಮಳೆ ಇಲ್ದೆ ಶೇಂಗಾನೂ ಹೋಗ್ತಿತ್ತು. ಆದ್ರೆ ಗಿಡ ಕೀಳೋ ದಿವಸ ನೀನು ಬರ್ಲಿಲ್ಲ ನೋಡು. ಬದುವಿನ ದಾರಿ ಬಿಟ್ಟು ಕೆರೆ ಏರಿ ಸುತ್ತಿ ಓಡಾಡೋಕೆ ಶುರು ಮಾಡ್ದೆ. ಅದನ್ನ ಮಾತ್ರ ನಾನು ಮರೀಲಿಲ್ಲ."

ನನಗೆ ಥಟ್ಟನೆ ನೆನಪಾಯಿತು. ಹೌದು, ಆ ವರ್ಷದಿಂದ ನಾವು ಹೊಲಕ್ಕೆ ಕೆರೆ ಏರಿಯ ಮೇಲಿಂದ ಹೋಗತೊಡಗಿದ್ದೆವು. ಬದುವಿನ ದಾರಿ ದೊಡ್ಡಪ್ಪನ ಹೊಲದ ಪಕ್ಕ ಹಾಯುತ್ತದೆ. ಅರ್ಧ ಮೈಲಿ ಹೆಚ್ಚು ನಡೆಯುವುದು ಯಾಕೆ ಎಂದು ನಾನು ಕೇಳಿರಲಿಲ್ಲ.

ಈ ಎರಡು ಮಾತುಗಳನ್ನು ಆಮೇಲೆ ಬಹಳ ಸಲ ತಿರುವಿ ಹಾಕಿದ್ದೇನೆ. ಮೊದಲನೆಯದರಿಂದ ದೊಡ್ಡಪ್ಪ ತನ್ನ ನಿರ್ಧಾರವನ್ನು ವಾಪಸ್ ಪಡೆದುಕೊಂಡ. ಎಲ್ಲ ತಪ್ಪನ್ನೂ ನಾನೇ ಹೊರುತ್ತೇನೆ ಎನ್ನುವುದು ವಿನಯದಂತೆ ಕಾಣುತ್ತದೆ; ಆದರೆ ಅದರ ಒಳಗೆ ಎದುರಿನವನನ್ನು ಚಿಕ್ಕವನನ್ನಾಗಿ ಮಾಡುವ ಒಂದು ಗುಣ ಇದೆ. ಓದು ಬಾರದವನಿಗೆ ಲೆಕ್ಕ ಬಾರದಿರಬಹುದು, ಆಯ್ಕೆ ಬಾರದೆಂದಲ್ಲ. 'ರೈತರನ್ನು ದಾರಿ ತಪ್ಪಿಸಲಾಯಿತು' ಎಂದು ನಾನು ಎಷ್ಟು ಸಲ ಬರೆದಿಲ್ಲ! ಪ್ರತಿ ಸಲವೂ ದೊಡ್ಡಪ್ಪನಂಥವರ ಕೈಯಿಂದ ಅವರ ಬದುಕಿನ ಒಂದು ಚೂರನ್ನು ಕಿತ್ತುಕೊಂಡೇ ಬರೆದಿದ್ದೇನೆ. ಹಾಗೆಂದು ಅಪ್ಪ ಆಡದೆ ಬಿಟ್ಟ ಆ 'ಅರ್ಧಕ್ಕೆ ಮಾತ್ರ' ಎಂಬ ಮಾತಿನ ಭಾರ ಇಲ್ಲವಾಗುವುದಿಲ್ಲ. ಅದನ್ನು ಅಪ್ಪ ಹೊರಬೇಕು. ಅದರಾಚೆಯದನ್ನು ಹೊರುವ ಹಕ್ಕು ಅವನಿಗಿಲ್ಲ ಎಂದಷ್ಟೇ ದೊಡ್ಡಪ್ಪ ಹೇಳಿದ್ದು.

ಎರಡನೆಯ ಮಾತು ನಾನು ಗೌರವಿಸಿದ್ದ ಆ ಮೌನದ ಬಗ್ಗೆ. ಅಪ್ಪನ ನೋವು ನಿಜವಾದದ್ದೇ. ಆದರೆ ಆ ನೋವು ಅವನನ್ನು ಕಳಿಸಿದ್ದು ಕೆರೆ ಏರಿಯ ಕಡೆಗೆ. ದೊಡ್ಡಪ್ಪನಿಗೆ ಅಂದು ಬೇಕಾಗಿದ್ದದ್ದು ಕ್ಷಮೆಯಲ್ಲ, ಪರಿಹಾರವೂ ಅಲ್ಲ. ಗುದ್ದಲಿ ಹಿಡಿದು ಬಂದು ಜೊತೆಗೆ ಎರಡು ಸಾಲು ಗಿಡ ಕೀಳುವ ಒಬ್ಬ ಮನುಷ್ಯ. ಹಾಗೆ ಬರುವುದಕ್ಕೆ ತಪ್ಪು ತನ್ನದು ಹೌದೋ ಅಲ್ಲವೋ ಎಂದು ತೀರ್ಮಾನವಾಗಬೇಕಿರಲಿಲ್ಲ. ನಮ್ಮ ಮಾತು ನಂಬಿ ಒಬ್ಬರು ಒಂದು ದಾರಿ ಹಿಡಿದ ಮೇಲೆ, ಆ ದಾರಿ ಸರಿಯಿರಲೇಬೇಕು ಎಂಬ ಭರವಸೆಯನ್ನು ಯಾರೂ ಕೊಡಲಾರರು. ದಾರಿ ಮುಚ್ಚಿಹೋದಾಗ ಅವರಿದ್ದಲ್ಲಿಗೆ ಮರಳಿ ಹೋಗುತ್ತೇವೆ ಎಂಬುದನ್ನು ಮಾತ್ರ ಕೊಡಬಹುದು. ನಂಬಿಸಿದವರ ಮೇಲೆ ಉಳಿಯುವ ಋಣ ಅದೇ ಎಂದು ಈಗ ನನಗೆ ಅನ್ನಿಸುತ್ತಿದೆ.

ಹೀಗೆ ನೋಡಿದರೆ ಅಪ್ಪನದೂ ದೇಶದ್ದೂ ಒಂದೇ ಕಥೆ. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಶೇ 20ರಷ್ಟು ಮಿಶ್ರಣ ಎಂದಿತ್ತು. 2018ರ ಹೊಸ ನೀತಿ ಡೀಸೆಲ್‌ಗೆ 2030ರ ವೇಳೆಗೆ ಶೇ 5 ಎಂದಿತು. ಸಂಖ್ಯೆ ಬದಲಾಯಿತು, ಹಳೆಯ ಸಂಖ್ಯೆಯನ್ನು ನಂಬಿ ಗಿಡ ನೆಟ್ಟವರ ಹೊಲದ ಬದುವಿಗೆ ಮರಳಿ ಬಂದು "ಏನಾಯ್ತಪ್ಪ?" ಎಂದು ಕೇಳಿದವರು ನಮ್ಮೂರಿನಲ್ಲಂತೂ ಇಲ್ಲ. ಅದೇ 2018ರ ಆಗಸ್ಟ್ 27ರಂದು ಡೆಹ್ರಾಡೂನಿನಿಂದ ದೆಹಲಿಗೆ ಜಟ್ರೋಫಾ ಎಣ್ಣೆಯಿಂದ ತಯಾರಿಸಿದ ಇಂಧನ ಬೆರೆಸಿ ಒಂದು ವಿಮಾನ ಹಾರಿತು. ಬೀಜ ಛತ್ತೀಸಗಡದ ರೈತರದು. ಟಿವಿಯಲ್ಲಿ ಆ ಸುದ್ದಿ ಬಂದಾಗ ಅಪ್ಪ ಚಾನೆಲ್ ಬದಲಾಯಿಸಿದ್ದ.

ಮರಳಿ ಹೋದವರೂ ಇದ್ದಾರೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಪೆರೆ ಅರಿಸಾ-ಮೊಂಟೊಬ್ಬಿಯೊ ಎಂಬ ಸಂಶೋಧಕ ಬೆಂಗಳೂರಿನ ಶರಚ್ಚಂದ್ರ ಲೆಲೆಯವರ ಜೊತೆ ಸೇರಿ ತಮಿಳುನಾಡಿನ ಜಟ್ರೋಫಾ ಬೆಳೆಗಾರರನ್ನು ಅಧ್ಯಯನ ಮಾಡಿದರು. ಇಳುವರಿ ಹೇಳಿದ್ದಕ್ಕಿಂತ ಬಹಳ ಕಡಿಮೆ, ಬಡ ರೈತರಿಗೆ ಇದು ದಕ್ಕುವಂಥದ್ದಲ್ಲ ಎಂದು 2010ರಲ್ಲಿ ಬರೆದರು. ಅಪ್ಪ, ದೊಡ್ಡಪ್ಪ ಗಿಡ ಕಿತ್ತ ವರ್ಷವೇ. ಆ ಲೇಖನವನ್ನು ಎಂ.ಎ. ಓದುವಾಗ ಲೈಬ್ರರಿಯಲ್ಲಿ ಮೊದಲ ಸಲ ಓದಿ ನಾನು ಅತ್ತಿದ್ದೆ. ನಮ್ಮ ಹೊಲದ ಸೋಲಿಗೆ ನಮ್ಮ ಸೋಮಾರಿತನ ಕಾರಣವಲ್ಲ ಎಂದು ಯಾರೋ ಬರೆದಿಟ್ಟಿದ್ದರು. ಎಣಿಸಿ, ಅಳೆದು, ಅಚ್ಚು ಹಾಕಿ.

*

ಇಲ್ಲಿಗೇ ನಿಲ್ಲಿಸಿದರೆ ಈ ಬರಹ ಅಪ್ಪನ ಬಗ್ಗೆ ತೀರ್ಪು ಕೊಟ್ಟಂತಾಗುತ್ತದೆ. ನಾನೂ ಕೆರೆ ಏರಿಯ ಮೇಲೆಯೇ ನಡೆಯುತ್ತಿದ್ದೇನೆ.

ನನ್ನ ಪಿಎಚ್.ಡಿ. ವಿಷಯ ಬಯಲುಸೀಮೆಯ ಗೋಮಾಳಗಳು. ಎರಡು ವರ್ಷದ ಹಿಂದೆ ಮೂರು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದೆ. ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆಗಳವರು ಕೆಲಸ ಬಿಟ್ಟು ನನ್ನ ಜೊತೆ ತಿರುಗಾಡಿ ಗಡಿಕಲ್ಲು ತೋರಿಸಿದರು, ಹಳೆಯ ಪಹಣಿಗಳನ್ನು ಟ್ರಂಕಿನಿಂದ ತೆಗೆದು ಕೊಟ್ಟರು. ಈ ಹುಡುಗಿ ಬರೆದರೆ ಗೋಮಾಳ ಉಳಿದೀತು ಎಂಬ ಆಸೆ ಅವರಿಗಿತ್ತು. ನಾನು ಹಾಗೆ ಹೇಳಿರಲಿಲ್ಲ; ಹೇಳಿಲ್ಲ ಎಂದು ಸ್ಪಷ್ಟಪಡಿಸಿಯೂ ಇರಲಿಲ್ಲ. "ಮುಗಿದ ಮೇಲೆ ಬಂದು ಏನು ಬರೆದೆ ಅಂತ ಹೇಳ್ತೀನಿ" ಅಂದಿದ್ದೆ. ಅಧ್ಯಾಯ ಮುಗಿದು ವರ್ಷವಾಯಿತು. ದಾಖಲೆಗಳನ್ನು ಜೋಡಿಸಿ ನೋಡಿದಾಗ ಅವರ ಹಕ್ಕಿನ ವಾದಕ್ಕೆ ಅವರು ಅಂದುಕೊಂಡಷ್ಟು ಬಲವಿಲ್ಲ ಎಂದು ಕಂಡಿತು. ಹಾಗೆಯೇ ಬರೆದೆ, ಬೇರೆ ಥರ ಬರೆಯುವಂತಿರಲಿಲ್ಲ. ಆದರೆ ಹೋಗಲಿಲ್ಲ. ಅಲ್ಲಿಂದ ಫೋನ್ ಬಂದಾಗ ಎರಡು ಸಲ ಎತ್ತಲಿಲ್ಲ. ಸೆಮಿನಾರುಗಳಲ್ಲಿ ಮಾತ್ರ ಆ ಹಳ್ಳಿಯ ಕುರಿಗಳ ಬಗ್ಗೆ ಚೆನ್ನಾಗಿ ಮಾತಾಡುತ್ತೇನೆ.

ಅಪ್ಪ ಊರಿಗೆ ಹೊರಡುವ ಹೊತ್ತಿಗೆ ದೊಡ್ಡಪ್ಪ ಮತ್ತೆ ಬಂದ, ಮೆಜೆಸ್ಟಿಕ್ ತನಕ ಬಿಟ್ಟು ಬರುತ್ತೇನೆಂದು. ಬೇಡ ಅಣ್ಣ, ನೈಟ್ ಡ್ಯೂಟಿ ಮಾಡಿದೀಯ ಅಂದರೂ ಕೇಳದೆ ಬ್ಯಾಗ್ ಎತ್ತಿಕೊಂಡ. ಅವರ ನಡುವೆ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಮಾರಿದ ಎಕರೆ ಮಾರಿದ್ದೇ. ಬಸ್ ಸ್ಟಾಪಿನವರೆಗೆ ಇಬ್ಬರೂ ಹೆಚ್ಚು ಮಾತಾಡದೆ ಪಕ್ಕಪಕ್ಕ ನಡೆದರು.

ಮುಂದಿನ ಭಾನುವಾರ ಆ ಹಳ್ಳಿಗೆ ಹೋಗುವುದೆಂದು ಫೋನ್ ಮಾಡಿ ತಿಳಿಸಿದ್ದೇನೆ. ಅಧ್ಯಾಯವನ್ನು ಕನ್ನಡದಲ್ಲಿ ಎಂಟು ಪುಟಕ್ಕೆ ಇಳಿಸಿ ಪ್ರಿಂಟ್ ತೆಗೆಸಿದ್ದೇನೆ. ಓದಿದ ಮೇಲೆ ಅವರು ಬೈಯಬಹುದು. ನಾನು ಏನು ಹೇಳಬೇಕೆಂಬುದು ಇನ್ನೂ ಹೊಳೆದಿಲ್ಲ. ಟೀ ಅಂಗಡಿಗೆ ಹೊರಟ ಬೆಳಿಗ್ಗೆ ಅಪ್ಪನಿಗೂ ಹೊಳೆದಿರಲಿಲ್ಲ; ಆದರೂ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ.